ಕೈನಡುಕ ಕೇವಲ ಮುಪ್ಪಲ್ಲ: ಮಿದುಳಿನ ಒಂದು ಕಿಣ್ವದ ನೆಲೆ

ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಜಗುಲಿಯ ಮೇಲೆ ಕುಳಿತ ಹಿರಿಯರ ಒಂದು ಕೈ, ತೊಡೆಯ ಮೇಲೆ ಸುಮ್ಮನಿರುವಾಗಲೇ ನಡುಗುವುದನ್ನು ನಾವು ಕಂಡಿರುತ್ತೇವೆ. ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಾಗುವುದು ರೂಢಿ. ಈ ರೂಢಿ ಎಷ್ಟು ಸರಿ ಎಂಬುದನ್ನು ಅರಿಯಲು ಮಿದುಳಿನ ಒಂದು ಕಿಣ್ವದ ಪರಿಚಯ ಅಗತ್ಯ.

ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ರಾಸಾಯನಿಕಗಳಿಗೆ ನರವಾಹಕಗಳೆಂದು ಹೆಸರು. ಅವುಗಳಲ್ಲಿ ಡೋಪಮೈನ್ ನಮ್ಮ ಚಲನೆಗೆ ಹದ ಕೊಡುತ್ತದೆ. ಬೇಳೆ, ಹಾಲು ಮುಂತಾದ ಆಹಾರದ ಪ್ರೋಟೀನಿನಿಂದ ದೊರೆಯುವ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಎಲ್-ಡೋಪಾ ಆಗಿ ಮಾರ್ಪಡಿಸುತ್ತದೆ. ಮತ್ತೊಂದು ಕಿಣ್ವ ಅದನ್ನು ಡೋಪಮೈನ್ ಆಗಿಸುತ್ತದೆ. ಮೊದಲನೆಯ ಹಂತವೇ ನಿಧಾನವಾದುದು. ಆದ್ದರಿಂದ ಉತ್ಪಾದನೆಯ ವೇಗವನ್ನು ನಿರ್ಧರಿಸುವುದೂ ಅದೇ.

ಈ ಕಿಣ್ವ ಮಿದುಳಿನ ಎಲ್ಲೆಡೆಯ ಕೋಶಗಳಲ್ಲಿಲ್ಲ. ಇಲಿಯಿಂದ ಮನುಷ್ಯನವರೆಗೆ ಸಸ್ತನಿಗಳಲ್ಲಿ ಇದರ ಮುಖ್ಯ ನೆಲೆ ನಡುಮಿದುಳಿನ ಸಬ್‌ಸ್ಟ್ಯಾನ್ಶಿಯಾ ನೈಗ್ರಾ, ಅಂದರೆ ‘ಕಪ್ಪು ದ್ರವ್ಯ’, ಮತ್ತು ಅದರ ನೆರೆಯ ಭಾಗ. ಮಿದುಳಕಾಂಡದ ಲೋಕಸ್ ಸೆರುಲಿಯಸ್, ಹೈಪೋಥಲಾಮಸ್, ವಾಸನೆಯ ಗೆಡ್ಡೆಗಳಲ್ಲಿಯೂ ಇದು ಕಂಡುಬರುತ್ತದೆ. ಮನುಷ್ಯರಲ್ಲಿ ಮೆಲನಿನ್ ವರ್ಣಕದಿಂದ ಈ ಭಾಗ ಕಪ್ಪಾಗಿ ಕಾಣುತ್ತದೆ. ಆದರೆ ಡೋಪಮೈನ್ ತಯಾರಿಸುವ ಎಲ್ಲ ಕೋಶಗಳೂ ಕಪ್ಪಲ್ಲ. ಕಿಣ್ವವನ್ನು ಗುರುತಿಸಿದರೆ ಮಾತ್ರ ಎಣಿಕೆ ಪೂರ್ಣವಾಗುತ್ತದೆ.

ಈ ಎಣಿಕೆ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ಭಾರತೀಯರ ಮಿದುಳುಗಳಲ್ಲಿ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಬ್ರಿಟನ್ನಿನವರಿಗಿಂತ ನಮ್ಮಲ್ಲಿ ಅವುಗಳ ಸಂಖ್ಯೆ ಕಡಿಮೆ. ಆದರೂ ವಯಸ್ಸಿನೊಂದಿಗೆ ಅದು ಕುಸಿಯದು. 2009ರಲ್ಲಿ ಟೈರೋಸಿನ್ ಹೈಡ್ರಾಕ್ಸಿಲೇಸ್ ಇರುವ ಕೋಶಗಳನ್ನೇ ಗುರುತಿಸಿ ಎಣಿಸಿದಾಗಲೂ ವಯಸ್ಸಿನಿಂದ ಗಣನೀಯ ನಷ್ಟ ಕಾಣಲಿಲ್ಲ.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು: ಮುಪ್ಪು ಬೇರೆ, ರೋಗ ಬೇರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕೋಶಗಳೇ ನಶಿಸುತ್ತವೆ. ಲಕ್ಷಣ ಸ್ಪಷ್ಟವಾಗುವ ವೇಳೆಗೆ ಬಹುಪಾಲು ಹಾನಿ ಆಗಿಹೋಗಿರುತ್ತದೆ. ವಿಶ್ರಾಂತಿಯಲ್ಲಿ ಒಂದು ಕೈಯ ನಡುಕ, ನಡೆಯುವಾಗ ಒಂದೇ ತೋಳು ಬೀಸದಿರುವುದು, ಅಂಗಿಯ ಗುಂಡಿ ಹಾಕಲು ತಡವಾಗುವುದು, ಅಕ್ಷರ ಚಿಕ್ಕದಾಗುತ್ತ ಹೋಗುವುದು, ಒಗ್ಗರಣೆಯ ವಾಸನೆಯೂ ತಿಳಿಯದಿರುವುದು, ಬಹುದಿನದ ಮಲಬದ್ಧತೆ — ಇವುಗಳನ್ನು ಮನೆಯವರು ಗಮನಿಸಬೇಕು. ಎಲ್ಲ ನಡುಕವೂ ಈ ರೋಗವಲ್ಲ. ಅದನ್ನು ನಿರ್ಣಯಿಸುವವರು ವೈದ್ಯರು. ಚಿತ್ರದುರ್ಗ, ಹಿರಿಯೂರುಗಳಿಂದ ಬೆಂಗಳೂರಿಗೆ ನೇರ ಹೆದ್ದಾರಿಯಿದೆ. ಸ್ಥಳೀಯ ವೈದ್ಯರ ಸಲಹೆಯಂತೆ ನರರೋಗ ತಜ್ಞರನ್ನು ಕಾಣುವುದಕ್ಕೆ ಹಿಂಜರಿಕೆ ಬೇಡ.

ಚಿಕಿತ್ಸೆಯ ತರ್ಕವೂ ಸರಳ. ಕಿಣ್ವದ ಕೊರತೆಯಿಂದ ತಡೆದುಹೋದ ಹಂತವನ್ನು ದಾಟಿಸಿ, ಎಲ್-ಡೋಪಾವನ್ನೇ ಮಾತ್ರೆಯಾಗಿ ಕೊಡುತ್ತಾರೆ. ಅದು ನಶಿಸಿದ ಕೋಶಗಳನ್ನು ಮರಳಿ ತಾರದು. ಆದರೆ ನಡೆ, ಊಟ, ಸ್ನಾನಗಳ ಸ್ವಾವಲಂಬನೆಯನ್ನು ವರ್ಷಗಳ ಕಾಲ ಉಳಿಸಬಲ್ಲದು. ಪ್ರೋಟೀನ್ ಹೆಚ್ಚಿರುವ ಊಟದೊಡನೆ ಸೇವಿಸಿದರೆ ಇದರ ಹೀರಿಕೆ ತಗ್ಗುವುದರಿಂದ ವೈದ್ಯರು ಹೇಳಿದ ವೇಳೆಯನ್ನು ಪಾಲಿಸಬೇಕು. ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು. ನಸುಗುನ್ನಿ ಬೀಜದಲ್ಲಿಯೂ ಎಲ್-ಡೋಪಾ ಇದೆ. ಆ ಕಾರಣಕ್ಕಾಗಿಯೇ ವೈದ್ಯರಿಗೆ ತಿಳಿಸದೆ ಅದನ್ನು ಮಾತ್ರೆಯೊಡನೆ ಸೇವಿಸುವುದು ಅಪಾಯಕರ.

ಹಿರಿಯರ ನಡುಗುವ ಕೈಯನ್ನು ಮುಪ್ಪಿನ ಲೆಕ್ಕಕ್ಕೆ ಸೇರಿಸುವ ಮುನ್ನ ಒಮ್ಮೆ ಪರೀಕ್ಷಿಸಿಸೋಣ. ಅದೂ ಅವರ ಸೇವೆಯೇ.