ಪುಕ್ಕಟೆ ಸಿಕ್ಕಿದ್ದನ್ನು ಹಂಚಬಹುದೇ?

ಪ್ರಶ್ನೆ: ಅಡಿಕೆ ಮಂಡಿಗಳ ಲೆಕ್ಕಪತ್ರಕ್ಕೆಂದು ಒಂದು ಸಾಫ್ಟ್‌ವೇರ್ ಬರೆದು ಮಾರುತ್ತಿದ್ದೇನೆ. ನಮ್ಮ ಕಡೆ ನೆಟ್ ಸಿಗುವುದೇ ಕಷ್ಟ. ಹಾಗಾಗಿ ಅದು ಓಡಲು ಬೇಕಾದ ಒರಾಕಲ್ ಜಾವಾ 8ರ ಹೊಸ ಅಪ್‌ಡೇಟ್, ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್, ಕೆಲವು ವಿಂಡೋಸ್ ಅಪ್‌ಡೇಟ್‌ಗಳು ಎಲ್ಲವನ್ನೂ ಒಂದೇ ಇನ್‌ಸ್ಟಾಲರ್‌ನಲ್ಲಿ ಸೇರಿಸಿ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇನೆ. ಎಲ್ಲವೂ ಪುಕ್ಕಟೆ ಡೌನ್‌ಲೋಡ್ ಆಗುವಂಥವೇ. ‘ಕೇಸು ಬೀಳುತ್ತದೆ ನೋಡು’ ಎಂದು ಗೆಳೆಯ ಹೆದರಿಸಿದ್ದಾನೆ. ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಶಿರಸಿ

ಉತ್ತರ: ಮೊದಲು ನಿದ್ದೆ ಮಾಡಿ. ಎದ್ದ ಮೇಲೆ ಆ ಇನ್‌ಸ್ಟಾಲರ್ ಬಿಚ್ಚಿಕೊಂಡು ಕೂರಿ. ನಿಮ್ಮ ಗಂಟಿನಲ್ಲಿರುವ ಮೂರಕ್ಕೂ ಉತ್ತರ ಬೇರೆ ಬೇರೆ.

ಪುಕ್ಕಟೆ ಇಳಿಸಿಕೊಂಡು ಬಳಸಲು ಬಿಟ್ಟ ಮಾತ್ರಕ್ಕೆ ಪ್ರತಿ ಮಾಡಿ ಹಂಚಲೂ ಬಿಟ್ಟರೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮೂ ‘ಸಾಹಿತ್ಯ ಕೃತಿ’. (ನಿಮ್ಮ ಅಡಿಕೆ ಲೆಕ್ಕವೂ ಸಾಹಿತ್ಯವೇ, ಬೀಗಬಹುದು!) ಗೊತ್ತಿದ್ದೂ ಪ್ರೋಗ್ರಾಮಿನ ಒಡೆಯರ ಕೃತಿಸ್ವಾಮ್ಯ ಮೀರಿದರೆ 63ನೇ ಕಲಮಿನಡಿ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ.

ವಿಷುವಲ್ ಸಿ ಪ್ಲಸ್ ಪ್ಲಸ್ ಬಗ್ಗೆ ಚಿಂತೆ ಬೇಡ. ನಿಮ್ಮ ವಿಷುವಲ್ ಸ್ಟುಡಿಯೋ ಲೈಸೆನ್ಸ್ ಸರಿಯಾಗಿದ್ದರೆ, ಆ ರನ್‌ಟೈಮನ್ನು ತಿದ್ದದೆ ನಿಮ್ಮ ಪ್ರೋಗ್ರಾಮಿನ ಜೊತೆ ಕೊಡಲು ಅದರಲ್ಲೇ ಅನುಮತಿ ಇದೆ.

ವಿಂಡೋಸ್ ಅಪ್‌ಡೇಟ್ ಹಾಗಲ್ಲ. ‘ಆಟೋಪ್ಯಾಚರ್’ ಎಂಬ ತಂಡ ಇವನ್ನೇ ಕಟ್ಟು ಕಟ್ಟಿ, ಒಂದು ಪೈಸೆ ಪಡೆಯದೆ ಹಂಚುತ್ತಿತ್ತು. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ನಿಲ್ಲಿಸಿ ಎಂದಿತು, ನಿಲ್ಲಿಸಬೇಕಾಯಿತು. ಆಮೇಲೆ ಅದು ವೇಷ ಬದಲಿಸಿ ಬಂತು: ಫೈಲು ತಾನು ಕೊಡಲಿಲ್ಲ, ಬಳಸುವವರ ಕಂಪ್ಯೂಟರೇ ಮೈಕ್ರೋಸಾಫ್ಟ್‌ನಿಂದ ನೇರ ಇಳಿಸಿಕೊಳ್ಳುವಂತೆ ಮಾಡಿತು. ಫೈಲು ಅದೇ, ಕೊಡುವ ಕೈ ಬೇರೆ. ನೀವೂ ಮಂಡಿಗೆ ಹೋದಾಗ, ಸಿಗ್ನಲ್ ಸಿಕ್ಕ ಮೂಲೆಯಲ್ಲಿ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಅವರ ಕಂಪ್ಯೂಟರಿಗೇ ಇಳಿಸಲು ಬಿಡಿ. ತುಸು ಹೊತ್ತು ಹಿಡಿಯುತ್ತದೆ, ಹೇಗೂ ಚಹಾ ಬರುತ್ತದಲ್ಲ.

ನಿಜವಾದ ಗುಂಡಿ ಇರುವುದು ಜಾವಾದಲ್ಲಿ. ಜಾವಾ 8ರ 202ನೇ ಅಪ್‌ಡೇಟ್‌ವರೆಗೆ ಕೆಲವು ಷರತ್ತಿನ ಮೇಲೆ ಹಂಚಲು ಬಿಡುವ ಹಳೆಯ ಲೈಸೆನ್ಸ್ ಇತ್ತು. 2019ರ ಏಪ್ರಿಲ್ 16ರಂದು ಬಂದ 211ನೆಯದರಿಂದ ಲೈಸೆನ್ಸೇ ಬದಲಾಯಿತು. ವ್ಯಾಪಾರಕ್ಕೆ ಬಳಸಲು ಹಣ ಕಟ್ಟಬೇಕು, ಹಾಗೆಯೇ ಹಂಚುವಂತೆಯೂ ಇಲ್ಲ. ಹೆಸರು ಅದೇ, ಚಿತ್ರ ಅದೇ, ‘ಅಪ್‌ಡೇಟ್ ಮಾಡಿ’ ಎಂಬ ಕರೆಯೂ ಅದೇ. ಎಷ್ಟೋ ಮಂದಿ ಎಡವಿದ್ದು ಇಲ್ಲೇ. ಹಳೆಯದನ್ನೇ ಹಿಡಿದು ಕೂರಿ ಎಂದು ನಾನು ಹೇಳಲಾರೆ. ಅದರ ಭದ್ರತಾ ದೋಷಗಳು ಹಾಗೇ ಉಳಿದಿರುತ್ತವೆ. ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆಯಿಂದ ಕಟ್ಟಿದ ‘ಟೆಮುರಿನ್’ ಹಾಕಿ ನೋಡಿ. ಅದನ್ನು ಹಂಚಬಹುದು, ನಿಮ್ಮ ಪ್ರೋಗ್ರಾಮಿನ ಸೋರ್ಸ್ ಕೋಡ್ ಬಿಚ್ಚಿಡಬೇಕಿಲ್ಲ. ಅದರ ಲೈಸೆನ್ಸ್ ಪಠ್ಯವನ್ನು ಅಳಿಸದೆ ಜೊತೆಗಿಡಿ, ಟೆಮುರಿನ್‌ನ ಸೋರ್ಸನ್ನೂ ಅದೇ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಿ.

ಈ ಕಂಪನಿಗಳ ಕಸ್ಟಮರ್ ಕೇರ್‌ನವರು ಫೋನಿನಲ್ಲಿ ‘ಪರವಾಗಿಲ್ಲ ಸರ್’ ಎಂದರೆ ಅದು ಅನುಮತಿಯಾಗದು, ಬರಹದಲ್ಲಿ ಬೇಕು. ಈಗಾಗಲೇ ಕೊಟ್ಟ ಕಡೆ, ಮುಂದಿನ ಸಲ ಸರ್ವಿಸ್‌ಗೆ ಹೋದಾಗ ಒರಾಕಲ್ ಜಾವಾ ತೆಗೆದು ಟೆಮುರಿನ್ ಹಾಕಿಕೊಟ್ಟು, ಹಳೆಯ ಪೆನ್‌ಡ್ರೈವ್ ಕೇಳಿ ವಾಪಸು ತನ್ನಿ.