‘ಬೇಡ’ ಎನ್ನಲು ಬಿಡಿ

ಆಟಿಸಂ ಇರುವ ಮಕ್ಕಳಿಗೆ ಚಿಕ್ಕಂದಿನಿಂದ ನಾವು ಹೆಚ್ಚಾಗಿ ಕಲಿಸುವುದು ಹೇಳಿದ ಮಾತು ಕೇಳುವುದನ್ನು. ಕೂತ್ಕೋ, ಇಲ್ಲಿ ನೋಡು, ಕೈ ಆಡಿಸಬೇಡ, ಮಾವನಿಗೆ ನಮಸ್ಕಾರ ಮಾಡು. 18 ತುಂಬಿದ ಮೇಲೆ ಅದೇ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ಬಯಸುತ್ತೇವೆ. ಎಲ್ಲರಿಗೂ ತಲೆಯಾಡಿಸಿ ಬೆಳೆದವರು ಬಸ್ಸಿನಲ್ಲಿ ಗುರುತಿಲ್ಲದವರು ‘ಬಾ’ ಎಂದರೂ ಎದ್ದು ಹೋಗಿಬಿಡಬಹುದು. ಮೈಸೂರಿನಲ್ಲಿ ಇಂಥ ಯುವಕ ಯುವತಿಯರ ಸಂಜೆ ಗುಂಪೊಂದನ್ನು ನಡೆಸುತ್ತಾ ನನಗೆ ಮನದಟ್ಟಾದದ್ದು ಇಷ್ಟು: ಅವರಿಗೆ ‘ಬೇಡ’ ಎನ್ನಲು ಬರಬೇಕು, ನಮಗೆ ಅದನ್ನು ಕೇಳಿಸಿಕೊಳ್ಳಲು ಬರಬೇಕು.

ಮಾತು ಬಾರದವರೂ ‘ಬೇಡ’ ಎನ್ನುತ್ತಾರೆ. ತಟ್ಟೆ ದೂಡುತ್ತಾರೆ, ಕಿವಿ ಮುಚ್ಚಿಕೊಳ್ಳುತ್ತಾರೆ, ಬಾಗಿಲ ಕಡೆ ನಡೆಯುತ್ತಾರೆ. ನಾವದನ್ನು ಹಟ ಎಂದುಕೊಂಡರೆ ಅವರು ಕೂಗಲೇಬೇಕಾಗುತ್ತದೆ. ಗುಂಪಿನ ಒಬ್ಬ ಹುಡುಗನಿಗೆ ಮಿಕ್ಸಿಯ ಸದ್ದು ಆಗಿಬರದು. ‘ಬೇಡ’ ಎಂಬ ಕಾರ್ಡ್ ಎತ್ತಿದರೆ ಕೆಲಸ ಅಲ್ಲಿಗೇ ನಿಲ್ಲಬೇಕೆಂಬುದು ನಮ್ಮ ನಿಯಮ. ಮೊದಮೊದಲು ಅವನು ಕಂಡದ್ದಕ್ಕೆಲ್ಲ ಕಾರ್ಡ್ ಎತ್ತಿದ, ನಿಜಕ್ಕೂ ನಿಲ್ಲಿಸುತ್ತಾರೋ ನೋಡೋಣ ಎಂಬಂತೆ. ನಿಲ್ಲಿಸುತ್ತಲೇ ಹೋದೆವು. ಕಾರ್ಡಿನ ಕೆಲಸ ತಾನಾಗಿ ಕಡಿಮೆಯಾಯಿತು. ಈಗ ಚಟ್ನಿ ರುಬ್ಬುವ ಮುನ್ನ ‘ಸದ್ದು ಬರುತ್ತೆ’ ಎಂದರೆ ಹೊರಗೆ ಹೋಗಿ ನಿಲ್ಲುತ್ತಾನೆ, ಮುಗಿದ ಮೇಲೆ ಬಂದು ಒಗ್ಗರಣೆ ಹಾಕುತ್ತಾನೆ. ಹೊರಹೋಗುವ ದಾರಿ ತೆರೆದಿದೆ ಎಂದು ಗೊತ್ತಿದ್ದವರಿಗೆ ಒಳಬರಲು ಅಂಜಿಕೆಯಿಲ್ಲ.

ಗೆಳೆತನವೂ ಹೀಗೇ. ಇಬ್ಬರನ್ನು ಎದುರುಬದುರು ಕೂರಿಸಿ ‘ಮಾತಾಡಿ’ ಎಂದರೆ ಮೌನ. ನಗರ ಬಸ್ಸುಗಳ ನಂಬರೆಲ್ಲ ಬಾಯಿಪಾಠ ಇರುವ ಹುಡುಗಿಯೊಬ್ಬಳಿದ್ದಾಳೆ. ಬಸ್ಸಿನ ಚಿತ್ರ ಬಿಟ್ಟು ಬೇರೇನನ್ನೂ ಬರೆಯದ ಹುಡುಗನೊಬ್ಬ. ಅವಳು ‘201’ ಎಂದರೆ ಸಾಕು, ಅವನ ಹಾಳೆಯಲ್ಲಿ ಚಾಮುಂಡಿ ಬೆಟ್ಟದ ಬಸ್ಸು ಹೊರಡುತ್ತದೆ. ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದ ಮುಂದಿಟ್ಟರು: ಆಟಿಸಂ ಇರುವವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಯದು. ಈ ಜೋಡಿಯ ಪಕ್ಕ ಕೂತರೆ ಆ ಮಾತು ಥಟ್ಟನೆ ತಿಳಿಯುತ್ತದೆ. ಅದೇ ಹುಡುಗಿ ಇನ್ನೊಬ್ಬಳ ಹುಟ್ಟುಹಬ್ಬಕ್ಕೆ ‘ಬರಲ್ಲ’ ಎಂದಾಗ ಅವಳಮ್ಮ ನೊಂದುಕೊಂಡರು. ಯಾರು ಬೇಕು, ಯಾರು ಬೇಡ ಎಂದು ಆರಿಸಿಕೊಳ್ಳಲು ಆಗದಿದ್ದರೆ ಅದನ್ನು ಗೆಳೆತನ ಎನ್ನುವುದು ಹೇಗೆ?

ಒಂಟಿ ಪ್ರಯಾಣಕ್ಕೆ ತಯಾರು ಮಾಡುವಾಗ ಮೊದಲು ಪಕ್ಕದ ಸೀಟಿನಲ್ಲಿ ಕೂರುತ್ತೇವೆ, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ಇಳಿಯುವ ಸ್ಟಾಪಿನಲ್ಲಿ ಕಾದು ನಿಲ್ಲುತ್ತೇವೆ. ಸ್ಟಾಪ್ ತಪ್ಪಿದರೆ ಏನು ಮಾಡಬೇಕೆಂಬುದನ್ನು ಬೇಕೆಂದೇ ತಪ್ಪಿಸಿ ಅಭ್ಯಾಸ ಮಾಡಿಸುತ್ತೇವೆ. ‘ಮುಟ್ಟಬೇಡಿ’ ಎಂದು ಗಟ್ಟಿಯಾಗಿ ಹೇಳುವುದೂ ಅದೇ ಪಾಠದಲ್ಲಿದೆ. ‘ಏನಾದರೂ ಆದರೆ, ಅಕ್ಕಾ?’ ಎಂದು ಹೆತ್ತವರು ಕೇಳುತ್ತಾರೆ. ಸಣ್ಣಪುಟ್ಟದ್ದು ಆಗುತ್ತದೆ. ಅದಕ್ಕೇ ಇಷ್ಟೆಲ್ಲ ತಯಾರಿ.

ಆಟಿಸಂ ಇದ್ದು 18 ದಾಟಿದವರಿಗೂ ಗಾರ್ಡಿಯನ್ ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ ‘ಸೀಮಿತ’ ಗಾರ್ಡಿಯನ್‌ಶಿಪ್ ಬಗ್ಗೆ ಹೇಳುತ್ತದೆ: ಪರಸ್ಪರ ತಿಳುವಳಿಕೆ, ನಂಬಿಕೆಗಳ ಮೇಲೆ ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಕೂಡಿ ತೀರ್ಮಾನಿಸುವುದು. ಹೆತ್ತವರಿಗೆ ನಾನು ಇದನ್ನು ಓದಿ ಹೇಳುತ್ತೇನೆ. ಕಾನೂನು ಕೇಳುವ ಆ ನಂಬಿಕೆ ಕಚೇರಿಯಲ್ಲಿ ಸಹಿ ಹಾಕುವ ದಿನ ಹುಟ್ಟುವಂಥದ್ದಲ್ಲ.

ಅಂಗಿಯ ಬಣ್ಣದಿಂದ, ತಿಂಡಿಯಿಂದ ಶುರುಮಾಡಿ. ಅಲ್ಲಿ ‘ಬೇಡ’ ಎಂದರೆ ಬೇಡ. ಮಾತ್ರೆ ನುಂಗುವಂಥ ಕಡೆ ಆಯ್ಕೆ ಇರುವುದಿಲ್ಲ, ಅಲ್ಲಿ ‘ತಗೋತೀಯಾ?’ ಎಂದು ಕೇಳಲೇಬೇಡಿ, ಯಾಕೆ ತಗೋಬೇಕೆಂದು ಹೇಳಿ. ಕೇಳಿದಿರೋ, ಬಂದ ಉತ್ತರಕ್ಕೆ ನೀವೂ ಬದ್ಧರಾಗಿರಬೇಕು.