ಸ್ಟೆಂಟ್ ಆದ ಮೇಲೆ ಯಾವ ಮಾತ್ರೆ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದೆವು. ದೊಡ್ಡ ನಾಳ ತೆರೆದಿದೆ, ಸಣ್ಣ ನಾಳಗಳಿಗೆ ಪೆಟ್ಟಾಗಿದೆ ಎಂದರು. ಆಸ್ಪಿರಿನ್ ಜೊತೆ ಟಿಕಾಗ್ರೆಲಾರ್ ಕೊಟ್ಟಿದ್ದಾರೆ. ಪಕ್ಕದ ಬೆಡ್‌ನವರಿಗೆ ಪ್ರಾಸುಗ್ರೆಲ್. ಸಣ್ಣ ನಾಳಗಳಿಗೆ ಅದೇ ಮೇಲೇ? ಇವರಿಗೆ ಆಗಾಗ ಉಸಿರು ಸಾಲದಂತಾಗುತ್ತದೆ.
– ಓದುಗರು, ಸಂಡೂರು

ಉತ್ತರ: ಇಲ್ಲಮ್ಮ, ಹಾಗೆ ಹೇಳಲು ಆಧಾರವಿಲ್ಲ. ಮುಚ್ಚಿದ ನಾಳ ತೆರೆದಾಗ ಹೆಪ್ಪಿನ ಚೂರುಗಳು ಕೆಳಗಿನ ಕೂದಲೆಳೆಯಂಥ ನಾಳಗಳಿಗೆ ಇಳಿಯುತ್ತವೆ. ಊತವೂ ಸೇರಿ ಅಲ್ಲಿ ರಕ್ತ ಹರಿಯುವುದಿಲ್ಲ. ಟಿಕಾಗ್ರೆಲಾರ್ ಅಡಿನೋಸಿನ್ ಹೆಚ್ಚಿಸಿ ನಾಳ ಹಿಗ್ಗಿಸುತ್ತದಾದ್ದರಿಂದ ಅದರ ಮೇಲೆಯೇ ಹೆಚ್ಚು ನಿರೀಕ್ಷೆಯಿತ್ತು. 2019ರಲ್ಲಿ ಪ್ರಕಟವಾದ ರೆಡ್ಯೂಸ್-ಎಂವಿಐ ಅಧ್ಯಯನ 110 ರೋಗಿಗಳಲ್ಲಿ ಇದನ್ನೇ ಅಳೆದು ನೋಡಿತು. ಮೊದಲ ಡೋಸ್ ಎಲ್ಲರಿಗೂ ಟಿಕಾಗ್ರೆಲಾರ್. ಆಮೇಲೆ ಅರ್ಧ ಜನರಿಗೆ ಪ್ರಾಸುಗ್ರೆಲ್. ತಿಂಗಳ ನಂತರ ಸಣ್ಣ ನಾಳಗಳ ತಡೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು.

ಅದೇ ವರ್ಷದ ಐಸಾರ್-ರಿಯಾಕ್ಟ್ 5 ಪ್ರಯೋಗದಲ್ಲಿ, 4,018 ರೋಗಿಗಳ ಪೈಕಿ, ವರ್ಷದೊಳಗೆ ಸಾವು, ಮತ್ತೊಂದು ಹೃದಯಾಘಾತ ಅಥವಾ ಪಾರ್ಶ್ವವಾಯು ಪ್ರಾಸುಗ್ರೆಲ್ ಗುಂಪಿನಲ್ಲಿ ಶೇ 6.9, ಟಿಕಾಗ್ರೆಲಾರ್ ಗುಂಪಿನಲ್ಲಿ ಶೇ 9.3. ನಾನು ಇದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಹಿಂದೆ ಪಾರ್ಶ್ವವಾಯು ಆದವರಿಗೆ ಪ್ರಾಸುಗ್ರೆಲ್ ಕೊಡುವಂತಿಲ್ಲ. 75 ದಾಟಿದವರು, 60 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ರಕ್ತಸ್ರಾವದ ಭಯ ಹೆಚ್ಚು. ಯಜಮಾನರ ವಿವರ ನೋಡಿ ಅವರ ವೈದ್ಯರೇ ನಿರ್ಧರಿಸಬೇಕು.

ಉಸಿರಿನ ತೊಂದರೆ ಟಿಕಾಗ್ರೆಲಾರ್‌ನ ಗೊತ್ತಿರುವ ಅಡ್ಡಪರಿಣಾಮ. ಹೃದಯದ ಬಲ ಕುಗ್ಗಿದರೂ ಹಾಗೇ ಆಗುತ್ತದೆ. ಆದ್ದರಿಂದ ಈ ವಾರವೇ ತೋರಿಸಿ. ಮಲಗಿದರೆ ಉಸಿರು ಕಟ್ಟಿದರೆ, ಕಾಲು ಊದಿದ್ದರೆ ಈಗಲೇ ಹೊರಡಿ. ಅಲ್ಲಿಯವರೆಗೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಸ್ಟೆಂಟ್ ಹಠಾತ್ತನೆ ಮುಚ್ಚಿಕೊಳ್ಳಬಹುದು. ಟಿಕಾಗ್ರೆಲಾರ್ ದಿನಕ್ಕೆ ಎರಡು ಹೊತ್ತು. ನಮ್ಮ ಕಡೆ ರಾತ್ರಿಯದೇ ಹೆಚ್ಚಾಗಿ ತಪ್ಪುವುದು, ಗಣಿ ಶಿಫ್ಟಿನವರಿಗಂತೂ ಸರಿಯೇ. ಯಜಮಾನರಿಗೆ ಹೀಗಾಗುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಪ್ರಾಸುಗ್ರೆಲ್ ದಿನಕ್ಕೆ ಒಂದೇ ಹೊತ್ತು.

ಪ್ರಶ್ನೆ: ಅಪ್ಪಾಜಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಬಳ್ಳಾರಿಗೆ ಕಳಿಸಿದರು. ಕ್ಲೊಪಿಡೊಗ್ರೆಲ್ ಬರೆದಿದ್ದಾರೆ. ಅಗ್ಗದ್ದೆಂದು ಕೊಟ್ಟರೇ?
– ಓದುಗರು, ಕಂಪ್ಲಿ

ಉತ್ತರ: ಇಲ್ಲ. ಆ ಇಂಜೆಕ್ಷನ್ ಜೊತೆಗೆ ಮೊದಲು ಕೊಡಬೇಕಾದದ್ದೇ ಕ್ಲೊಪಿಡೊಗ್ರೆಲ್. ಬಲವಾದ ಮಾತ್ರೆ ತಕ್ಷಣ ಸೇರಿಸಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಕೆಲವರ ಯಕೃತ್ತು ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಪೂರ್ತಿ ಸಕ್ರಿಯಗೊಳಿಸುವುದಿಲ್ಲ ಎಂಬುದೂ ನಿಜ. ಮುಂದಿನ ಭೇಟಿಯಲ್ಲಿ ಬದಲಿಸಬೇಕೇ ಎಂದು ಕೇಳಿ.

ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಸಣ್ಣ ನಾಳಗಳನ್ನು ಯಾವ ಮಾತ್ರೆಗಿಂತಲೂ ಹೆಚ್ಚು ಉಳಿಸುವುದು ಆಸ್ಪತ್ರೆಗೆ ಬೇಗ ತಲುಪುವುದೇ. ಎದೆ ಹಿಂಡಿ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ, ಇಸಿಜಿ ಇರುವಲ್ಲಿಗೆ ಹೋಗಿ.